ಚರ್ಚಿನ ಗೋಡೆಯ ಮೇಲಿನ ಅಂಕಿಗಳು



ಜರ್ಮನಿಯಲ್ಲೇ ಹುಟ್ಟಿ ಬೆಳೆದ ನಿಮಗೆ ಚರ್ಚಿನ ಗಂಟೆ ಹೊಸದಲ್ಲ. ಕಲೋನಿನ ಕ್ಯಾಥೆಡ್ರಲ್ಲಿನ ಮೆಟ್ಟಿಲು ಹತ್ತಿ ಸುಸ್ತಾದವರೂ ನಿಮ್ಮಲ್ಲಿದ್ದೀರಿ. 1248ರಲ್ಲಿ ಆರಂಭವಾದ ಆ ಕಟ್ಟಡ ಮುಗಿದದ್ದು 1880ರಲ್ಲಿ ಎಂದು ಶಾಲೆಯಲ್ಲೇ ಓದಿರಬಹುದು. ಆದರೆ ಕಟ್ಟಡ ನೋಡುವುದು ಬೇರೆ, ಒಳಗೆ ನಡೆಯುವ ಆರಾಧನೆ ನೋಡುವುದು ಬೇರೆ. ಒಂದು ಭಾನುವಾರ ಬೆಳಿಗ್ಗೆ ನಿಮ್ಮ ಊರಿನ ಪ್ರಾಟೆಸ್ಟೆಂಟ್ ಚರ್ಚಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತುಕೊಳ್ಳಿ.

ಮೊದಲು ಗೋಡೆ ನೋಡಿ. ಅಲ್ಲೊಂದು ಹಲಗೆಯ ಮೇಲೆ ಕೆಲವು ಅಂಕಿಗಳಿರುತ್ತವೆ. ಅವು ಅಂದು ಹಾಡಬೇಕಾದ ಹಾಡುಗಳ ಸಂಖ್ಯೆಗಳು. ಹಾಡಿನ ಪುಸ್ತಕ ಬಾಗಿಲ ಬಳಿಯೇ ಸಿಗುತ್ತದೆ. ಆರ್ಗನ್ ನುಡಿಯುತ್ತಿದ್ದಂತೆ ಎಲ್ಲರೂ ಹಾಡುತ್ತಾರೆ. ಕಂಠ ಚೆನ್ನಾಗಿರುವವರೂ ಹಾಡುತ್ತಾರೆ, ಶ್ರುತಿ ತಪ್ಪುವ ಅಜ್ಜಂದಿರೂ ಹಾಡುತ್ತಾರೆ.

ನನ್ನ ಗಮನ ಮೊದಲು ಸೆಳೆದದ್ದು ಇದೇ. ನಮ್ಮ ದೇವಸ್ಥಾನಗಳಲ್ಲಿ ಅರ್ಚಕರು ಮಂತ್ರ ಹೇಳುತ್ತಾರೆ, ನಾವು ಕೈಮುಗಿದು ದರ್ಶನ ಮಾಡಿ, ಮಂಗಳಾರತಿ ತೆಗೆದುಕೊಂಡು ತೀರ್ಥ ಪ್ರಸಾದ ಪಡೆಯುತ್ತೇವೆ. ಅಲ್ಲಿ ಕಣ್ಣಿಗೆ ಹೆಚ್ಚು ಕೆಲಸ. ಇಲ್ಲಿ ಬೈಬಲ್ ಓದು, ಪ್ರವಚನ, ಪ್ರಾರ್ಥನೆ, ಹಾಡು. ಕಿವಿಗೂ ಬಾಯಿಗೂ ಹೆಚ್ಚು ಕೆಲಸ.

ಕಥೋಲಿಕ ಚರ್ಚಿನ ಪೂಜೆಯಲ್ಲಿ ಕಣ್ಣಿಗೂ ಬೇಕಾದಷ್ಟಿದೆ: ಮೇಣದಬತ್ತಿ, ಸಂತರ ಮೂರ್ತಿ, ಧೂಪ, ಬಾಗಿಲಲ್ಲಿ ಪವಿತ್ರ ಜಲ. ಅಲ್ಲಿಗೆ ಹೋದರೆ ಒಂದು ಮಾತು ನೆನಪಿಡಿ. ಕೊನೆಯ ಭಾಗದಲ್ಲಿ ಕೊಡುವ ರೊಟ್ಟಿ ನಮಗೆ ಪ್ರಸಾದದಂತೆ ಕಾಣುತ್ತದೆ, ಅವರ ನಂಬಿಕೆಯಲ್ಲಿ ಅದು ಕ್ರಿಸ್ತನ ಶರೀರ. ಬೇರೆಯವರು ಅದನ್ನು ತೆಗೆದುಕೊಳ್ಳುವ ಪದ್ಧತಿಯಿಲ್ಲ. ಕುಳಿತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆ ಅಂಕಿಗಳ ಹಿಂದೆ ಒಂದು ಜಗಳದ ಇತಿಹಾಸವೇ ಇದೆ. ಐನೂರು ವರ್ಷಗಳ ಹಿಂದೆ ಇಲ್ಲಿನ ಪೂಜೆಯ ಭಾಷೆ ಲ್ಯಾಟಿನ್. ರೈತರಿಗೂ ನೇಕಾರರಿಗೂ ಅದು ಅರ್ಥವಾಗುತ್ತಿರಲಿಲ್ಲ. 1517ರಲ್ಲಿ ಚರ್ಚಿನ ಅಧಿಕಾರವನ್ನು ಪ್ರಶ್ನಿಸಿದ ಮಾರ್ಟಿನ್ ಲೂಥರ್, 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ. 1534ರಲ್ಲಿ ಇಡೀ ಬೈಬಲ್ ಬಂತು. ನಡುವೆ 1524ರಲ್ಲಿ ಎಂಟೇ ಹಾಡುಗಳ ಒಂದು ಪುಟ್ಟ ಪುಸ್ತಕ ಅಚ್ಚಾಯಿತು. ನಿಮ್ಮ ಕೈಯಲ್ಲಿರುವ ದಪ್ಪ ಹಾಡಿನ ಪುಸ್ತಕದ ಮುತ್ತಜ್ಜಿ ಅದು. ಕಥೋಲಿಕರ ಪೂಜೆಯಲ್ಲಿ ಜನಭಾಷೆಗೆ ವ್ಯಾಪಕ ಅನುಮತಿ ಸಿಕ್ಕಿದ್ದು ಬಹಳ ತಡವಾಗಿ, 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ.

ಕನ್ನಡ ಓದಿದವಳಾದ ನನಗೆ ಇಲ್ಲಿ ನಮ್ಮವರು ನೆನಪಾಗುತ್ತಾರೆ. ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣ, ಅಕ್ಕಮಹಾದೇವಿ ದೇವರೊಡನೆ ಆಡುಗನ್ನಡದಲ್ಲಿ ಮಾತಾಡಿದರು. ಮುಂದೆ ಪುರಂದರದಾಸರು, ಕನಕದಾಸರು ಹಾಡಿದ್ದೂ ಕನ್ನಡದಲ್ಲೇ. ಇವರೂ ಲೂಥರನೂ ಹೇಳಿದ್ದು ಒಂದೇ ಎನ್ನಲಾರೆ. ಆದರೆ ಅರ್ಥವಾಗುವ ಮಾತಿನಲ್ಲಿ ದೇವರನ್ನು ಕರೆಯುವ ಹಂಬಲ ಎರಡೂ ಕಡೆ ಇತ್ತು.

ಈ ಎರಡು ದಾರಿಗಳು ಮಂಗಳೂರಿನಲ್ಲಿ ಕೂಡಿದವು. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಅಲ್ಲಿಗೆ ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಜನರಿಗೆ ಅವರ ಭಾಷೆಯಲ್ಲೇ ಹೇಳಬೇಕೆಂಬ ನಂಬಿಕೆ ಅವರನ್ನು ಕನ್ನಡ ಕಲಿಯಲು ಕೂರಿಸಿತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದ, ಹರಿದಾಸರ ಹಾಡುಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಇಪ್ಪತ್ತರ ಆಸುಪಾಸಿನಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ. ಆತ ತೀರಿಕೊಂಡದ್ದು 1903ರಲ್ಲಿ, ನಿಮಗೆ ಗೊತ್ತಿರುವ ಟ್ಯೂಬಿಂಗನ್ನಿನಲ್ಲೇ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಪೂಜೆಯ ನಡುವೆ “ಅಮ್ಮಾ, ಇದಕ್ಕೆ ಅರ್ಥ ಏನು?” ಎಂದು ನೀವು ಕೇಳಿದರೆ, ದೊಡ್ಡವರು ಹಲವು ಸಲ “ಸುಮ್ಮನೆ ಕೈಮುಗಿ” ಎನ್ನುತ್ತೇವೆ. ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಲೂಥರನ ಕಾಲದ ಜನಕ್ಕೂ ಇದ್ದ ಪ್ರಶ್ನೆ ಅದು.

ಸಂಸ್ಕೃತದ ಮಂತ್ರವಾದರೆ ಹೋಗಲಿ. ನಮ್ಮ ಕನ್ನಡ ಕೂಟದ ಭಜನೆಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ದಾಸರ ಪದವನ್ನು ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ನೋಡಿಕೊಂಡು ಹಾಡುತ್ತೀರಿ. ರಾಗ ಬರುತ್ತದೆ, ಅರ್ಥ ಬರುವುದಿಲ್ಲ. ಎಲ್ಲರಿಗೂ ತಿಳಿಯಲೆಂದೇ ಕನ್ನಡದಲ್ಲಿ ಕಟ್ಟಿದ ಹಾಡು ನಿಮಗೆ ಲ್ಯಾಟಿನ್ ಆಗಿಬಿಟ್ಟಿದೆ. ನನ್ನನ್ನು ಕಾಡುವುದು ಇದು.

ಪರಿಹಾರ ದೊಡ್ಡದೇನಲ್ಲ. ತಿಂಗಳಿಗೊಂದು ಪದವೋ ವಚನವೋ ಆರಿಸಿಕೊಳ್ಳಿ. ಒಂದೊಂದು ಮಾತಿಗೂ ಅರ್ಥ ಕೇಳಿ. ಅಪ್ಪ ಅಮ್ಮನಿಗೆ ಗೊತ್ತಿಲ್ಲದಿದ್ದರೆ ಊರಿನ ಅಜ್ಜಿಗೆ ಫೋನ್ ಮಾಡಿ, ಅವರಿಗೂ ಖುಷಿಯಾಗುತ್ತದೆ. ಅರ್ಥ ತಿಳಿದ ಮೇಲೆ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ತಿಳಿದು ಹಾಡಿದರೆ ಶ್ರುತಿ ತಪ್ಪಿದರೂ ಚಿಂತೆಯಿಲ್ಲ.