ವಾಕ್ಚಿಕಿತ್ಸೆಯ ಉನ್ನತ ವ್ಯಾಸಂಗ: ಅರ್ಜಿ ಹಾಕುವವರು ಅರಿಯತಕ್ಕ ಸಂಗತಿಗಳು

ಹೈಸ್ಕೂಲಿನ ಓದು ಮುಗಿಸಿ ಕಾಲೇಜಿಗೆ ಹೋಗುವ ನಮ್ಮ ಹುಡುಗಿಯರ ಮುಂದೆ ವೈದ್ಯವಿದ್ಯೆ, ದಾದಿಯ ಕೆಲಸ, ಉಪಾಧ್ಯಾಯಿನಿಯ ಕೆಲಸ ಎಂಬ ಮೂರು ದಾರಿಗಳು ಹಿಂದಿನಿಂದಲೂ ತೆರೆದಿವೆ. ಈ ಮೂರಕ್ಕೂ ನೆರೆಯದಾಗಿದ್ದು, ಈ ಮೂರರಲ್ಲಿ ಯಾವದೂ ಅಲ್ಲದ ಇನ್ನೊಂದು ದಾರಿ ಉಂಟು. ಮಾತಿನ ಮತ್ತು ಭಾಷೆಯ ತೊಡಕುಗಳನ್ನು ಪರೀಕ್ಷಿಸಿ ತಿದ್ದುವ ವಿದ್ಯೆಯೇ ಅದು. ಜನರು ಇದನ್ನು ಸ್ಪೀಚ್ ಥೆರಪಿ ಎನ್ನುತ್ತಾರೆ. ಪದವಿಪತ್ರಗಳಲ್ಲಿ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ ಎಂಬ ಹೆಸರು ಕಾಣುವದು. ನಾವು ಇಲ್ಲಿ ವಾಕ್ಚಿಕಿತ್ಸೆ ಎಂದು ಕರೆಯುವೆವು. ಕಡಿಯಾಳಿಯಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಮುಟ್ಟುವ ಮಣಿಪಾಲದಲ್ಲಿಯೇ ಇದನ್ನು ಕಲಿಸುತ್ತಾರೆ. ಆದರೂ ಇದರ ಸಂಗತಿ ನಮ್ಮ ಮನೆಗಳಲ್ಲಿ ಬಹಳ ಮಂದಿಗೆ ತಿಳಿಯದು. ಆದುದರಿಂದ ಈ ವಿದ್ಯೆಯ ಸ್ವರೂಪವನ್ನೂ ಇದರ ಉನ್ನತ ತರಗತಿಗೆ ಅರ್ಜಿ ಹಾಕುವ ಕ್ರಮವನ್ನೂ ಪೂರ್ವವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಸಲು ಈ ಲೇಖನವನ್ನು ಬರೆದಿದ್ದೇವೆ.

ಮೊದಲು ಈ ಕೆಲಸ ಏನೆಂಬದನ್ನು ನೋಡೋಣ. ಮೂಗರಿಗೆ ಮಾತು ಕಲಿಸುವದೇ ಇದು ಎಂದು ಹಲವರ ಎಣಿಕೆ. ಅದು ಇದರ ಒಂದು ಅಂಶ ಮಾತ್ರ. ಕಿವಿ ಕೇಳಿಸದ ಕಾರಣ ಮಾತು ಬಾರದ ಮಗು, ವಯಸ್ಸಿಗೆ ತಕ್ಕಷ್ಟು ಭಾಷೆ ಬೆಳೆಯದ ಮಗು, ಉಗ್ಗುವ ಬಾಲಕ, ಸೀಳಂಗುಳದಿಂದ ಮೂಗಿನಲ್ಲಿ ಮಾತಾಡುವ ಬಾಲಕಿ, ದಿನವೆಲ್ಲಾ ಪಾಠ ಹೇಳಿ ಕಂಠ ಕೆಡಿಸಿಕೊಂಡ ಉಪಾಧ್ಯಾಯರು, ಇವರೆಲ್ಲರೂ ವಾಕ್ಚಿಕಿತ್ಸಕಿಯ ಬಳಿಗೆ ಬರುವವರೇ. ಪಾರ್ಶ್ವವಾಯು ಬಡಿದ ಮೇಲೆ ಬುದ್ಧಿ ಸರಿಯಾಗಿದ್ದರೂ ಶಬ್ದ ಸಿಕ್ಕದೆ ಬಳಲುವ ವೃದ್ಧರೂ ಉಂಟು. ಮಿದುಳಿನ ಎಡಭಾಗದ ಮುಂದಿನ ಒಂದು ಸ್ಥಳಕ್ಕೆ ಪೆಟ್ಟಾದರೆ ಮಾತು ಕಟ್ಟುವದೆಂದು ಫ್ರಾನ್ಸಿನ ಪಾಲ್ ಬ್ರೋಕಾ ಎಂಬ ವೈದ್ಯನು ೧೮೬೧ರಲ್ಲಿ ತೋರಿಸಿದ ಮೇಲೆ ಈ ರೋಗದ ಶಾಸ್ತ್ರೀಯ ವಿಚಾರಣೆ ಬೆಳೆಯಿತು. ಅಂಥವರಲ್ಲಿ ಕೆಲವರಿಗೆ ಅನ್ನ ನೀರು ಗಂಟಲಲ್ಲಿ ಸರಿಯಾಗಿ ಇಳಿಯದೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿರುವದು. ನುಂಗುವದನ್ನು ಪರೀಕ್ಷಿಸಿ ದಾರಿ ಹೇಳುವದೂ ಇವಳ ಕೆಲಸವೇ.

ನಮ್ಮ ದೇಶದಲ್ಲಿ ಈ ವಿದ್ಯೆಯ ಒಂದು ದೊಡ್ಡ ನೆಲೆ ನಮ್ಮ ರಾಜ್ಯದಲ್ಲಿಯೇ ಇರುವದು ಸಂತೋಷದ ಸಂಗತಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೦ರ ದಶಕದಲ್ಲಿ ಏರ್ಪಟ್ಟಿತು. ಅದು ಕೇಂದ್ರ ಸರಕಾರದ ಆರೋಗ್ಯ ಇಲಾಖೆಗೆ ಸೇರಿದ್ದು. ಪದವಿಗಳನ್ನು ಮೈಸೂರು ವಿಶ್ವವಿದ್ಯಾನಿಲಯವು ಕೊಡುವದು. ನಮ್ಮ ಕರಾವಳಿಯಲ್ಲಿ ಮಣಿಪಾಲದ ವಿಶ್ವವಿದ್ಯಾಲಯದೊಳಗೂ, ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆಯಲ್ಲಿಯೂ ಇನ್ನಿತರ ಕಾಲೇಜುಗಳಲ್ಲಿಯೂ ಇದರ ಶಿಕ್ಷಣ ಸಿಗುತ್ತದೆ.

ಉನ್ನತ ತರಗತಿಗೆ ಏರುವ ಮೆಟ್ಟಲುಗಳು ಹೀಗಿವೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಇವುಗಳೊಡನೆ ಜೀವಶಾಸ್ತ್ರ ಅಥವಾ ಗಣಿತದಂಥ ಇನ್ನೊಂದು ವಿಷಯವನ್ನು ಓದಿದವರು ಬಿ.ಎ.ಎಸ್.ಎಲ್.ಪಿ. ಎಂಬ ಪದವಿಗೆ ಸೇರಬಹುದು. ಅದು ೪ ವರುಷದ್ದು. ಅದರಲ್ಲಿ ಕೊನೆಯ ೧ ವರುಷ ಆಸ್ಪತ್ರೆ ಮೊದಲಾದ ಕಡೆಗಳಲ್ಲಿ ಅಭ್ಯಾಸಕ್ಕೆ ಮೀಸಲು. ಈ ಪದವಿಯಲ್ಲಿ ಶ್ರವಣಶಾಸ್ತ್ರವೂ ವಾಕ್ಚಿಕಿತ್ಸೆಯೂ ಒಟ್ಟಾಗಿರುತ್ತವೆ. ಅದರ ಮೇಲೆ ೨ ವರುಷದ ಎಮ್.ಎಸ್‌ಸಿ. ಅಲ್ಲಿ ದಾರಿ ಕವಲೊಡೆಯುವದು. ಒಂದು ಕವಲು ಕಿವಿಯ ಪರೀಕ್ಷೆ ಮತ್ತು ಶ್ರವಣಯಂತ್ರಗಳದ್ದು, ಇನ್ನೊಂದು ಮಾತು ಮತ್ತು ಭಾಷೆಯದ್ದು. ಯಂತ್ರ, ಅಳತೆ, ಧ್ವನಿಯ ಲೆಕ್ಕಗಳಲ್ಲಿ ರುಚಿಯುಳ್ಳವಳು ಮೊದಲನೆಯದನ್ನೂ, ಒಬ್ಬರೊಡನೆಯೇ ತಿಂಗಳುಗಟ್ಟಲೆ ಕೂತು ಅಲ್ಪಸ್ವಲ್ಪ ಪ್ರಗತಿಗೂ ಕಾಯಬಲ್ಲ ತಾಳ್ಮೆಯುಳ್ಳವಳು ಎರಡನೆಯದನ್ನೂ ಆರಿಸಿಕೊಳ್ಳುವದು ಒಳ್ಳೇದು. ಗೆಳತಿಯು ಸೇರಿದಳೆಂದು ಸೇರತಕ್ಕದ್ದಲ್ಲ.

ಇಲ್ಲಿ ತಾಯಿತಂದೆಗಳು ಬಹಳ ಜಾಗ್ರತೆಯಿಂದಿರಬೇಕಾದ ಒಂದು ಸಂಗತಿಯುಂಟು. ಭಾರತೀಯ ಪುನರ್ವಸತಿ ಪರಿಷತ್ತು ಎಂಬ ಸಂಸ್ಥೆಗೆ ೧೯೯೨ರ ಕಾನೂನು ಶಾಸನಬದ್ಧ ಅಧಿಕಾರ ಕೊಟ್ಟಿತು. ಆ ಕಾನೂನಿನ ಪ್ರಕಾರ ಪರಿಷತ್ತು ಒಪ್ಪಿದ ಶಿಕ್ಷಣವನ್ನು ಪಡೆದು, ಅದರ ಪಟ್ಟಿಯಲ್ಲಿ ಹೆಸರು ದಾಖಲಿಸಿಕೊಂಡವರೇ ಈ ವೃತ್ತಿಯನ್ನು ನಡಿಸತಕ್ಕದ್ದು; ದಾಖಲೆಯಿಲ್ಲದೆ ನಡಿಸಿದರೆ ಶಿಕ್ಷೆಯೂ ಉಂಟು. ಕಾಲೇಜಿನ ಕಟ್ಟಡ ಎಷ್ಟು ದೊಡ್ಡದು, ಜಾಹೀರಾತು ಎಷ್ಟು ಚೆನ್ನಾಗಿದೆ ಎಂಬದು ಮುಖ್ಯವಲ್ಲ. ಈ ಕಾಲೇಜಿನ ಈ ತರಗತಿಗೆ ಈ ವರುಷ ಪರಿಷತ್ತಿನ ಒಪ್ಪಿಗೆ ಇದೆಯೋ ಎಂಬದನ್ನು ಹಣ ಕಟ್ಟುವ ಮೊದಲೇ ವಿಚಾರಿಸಬೇಕು. ವಿಚಾರಿಸದೆ ಸೇರಿಸಿದರೆ ಮಗಳ ವರುಷಗಳೂ ತಂದೆಯ ಸಾಲದ ಹಣವೂ ಒಟ್ಟಿಗೆ ಮುಳುಗುವ ಭಯವಿದೆ. ಸರಕಾರಿ ಸಂಸ್ಥೆಗೂ ಖಾಸಗಿ ಕಾಲೇಜಿಗೂ ಶುಲ್ಕದಲ್ಲಿ ಬಹಳ ಅಂತರವಿರುವದರಿಂದ ಅದನ್ನೂ ಮೊದಲೇ ತೂಗಿ ನೋಡತಕ್ಕದ್ದು.

ಅರ್ಜಿಯ ವಿಷಯಕ್ಕೆ ಬರೋಣ. ಮೈಸೂರಿನ ಸಂಸ್ಥೆಯು ಪ್ರವೇಶಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ಆರಿಸುತ್ತದೆ. ಬೇರೆ ಕಾಲೇಜುಗಳಿಗೆ ಅವುಗಳದೇ ಕ್ರಮವಿರುವದು. ಆಯಾ ವರುಷದ ಪ್ರಕಟಣೆಯನ್ನು ಸ್ವತಃ ಓದಬೇಕೇ ಹೊರತು ಹಿಂದಿನ ವರುಷ ಸೇರಿದವರ ಬಾಯಿಮಾತನ್ನು ನೆಚ್ಚಬಾರದು. ಅಂಕಪಟ್ಟಿಗಳು, ಅಭ್ಯಾಸದ ವರುಷವನ್ನು ಮುಗಿಸಿದ ಪ್ರಮಾಣಪತ್ರ, ಜಾತಿ ಅಥವಾ ಆದಾಯದ ಪತ್ರ ಬೇಕಾದಲ್ಲಿ ಅದು, ಇವನ್ನೆಲ್ಲಾ ಮೊದಲೇ ಕೂಡಿಸಿಟ್ಟುಕೊಂಡರೆ ಕೊನೆಯ ದಿನದ ಗಡಿಬಿಡಿ ತಪ್ಪುವದು. ಎಲ್ಲಾ ಪತ್ರಗಳಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿರಲಿ. ನಮ್ಮ ಕಡೆಯ ಹುಡುಗಿಯರಿಗೆ ಮನೆತನದ ಹೆಸರು ಒಂದು ಪತ್ರದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವದು ಅಪರೂಪವಲ್ಲ.

ಪರದೇಶದ ವಿಶ್ವವಿದ್ಯಾಲಯಗಳು ಅಂಕಗಳೊಡನೆ ಅರ್ಜಿದಾರಳು ತಾನೇ ಬರೆದ ಉದ್ದೇಶಪತ್ರವನ್ನೂ, ಗುರುಗಳ ಶಿಫಾರಸು ಪತ್ರಗಳನ್ನೂ ಕೇಳುತ್ತವೆ. ಉದ್ದೇಶಪತ್ರದಲ್ಲಿ “ಚಿಕ್ಕಂದಿನಿಂದಲೂ ಸೇವೆ ಮಾಡಬೇಕೆಂಬ ಆಸೆ” ಎಂದು ಬರೆಯುವವರು ಸಾವಿರಾರು ಮಂದಿ. ಓದುವವರಿಗೆ ಅದರಿಂದ ಏನೂ ತಿಳಿಯದು. ಚಿಕಿತ್ಸಾಲಯದಲ್ಲಿ ಏನು ಕಂಡೆ, ಯಾವ ಉಪಾಯ ಸಾಗಲಿಲ್ಲ, ಆಗ ಏನು ಬದಲಾಯಿಸಿದೆ, ಇನ್ನು ಏನನ್ನು ಕಲಿಯಬೇಕಾಗಿದೆ ಎಂಬದನ್ನು ಸರಳವಾಗಿ ಬರೆದರೆ ಸಾಕು. ರೋಗಿಯ ಹೆಸರನ್ನಾಗಲಿ ಗುರುತನ್ನಾಗಲಿ ಎಂದೂ ಬರೆಯಬಾರದು. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ತರುವದಕ್ಕಿಂತ, ಪಾಠ ಹೇಳಿದವರಿಂದಲೂ ಚಿಕಿತ್ಸೆಯ ಮೇಲ್ವಿಚಾರಣೆ ನಡಿಸಿದವರಿಂದಲೂ ಕೇಳಿಕೊಳ್ಳುವದು ಹೆಚ್ಚು ಫಲಕಾರಿ. ಅವರಿಗೆ ಒಂದೆರಡು ತಿಂಗಳಾದರೂ ಅವಕಾಶ ಕೊಡತಕ್ಕದ್ದು.

ಅಮೇರಿಕದಲ್ಲಿ ಈ ವೃತ್ತಿಗೆ ಎಮ್.ಎಸ್. ಮಟ್ಟದ ಪದವಿಯೇ ಬಾಗಿಲು. ೧೯೨೫ರಲ್ಲಿ ಹುಟ್ಟಿದ ಅಲ್ಲಿನ ವಾಕ್ ಶ್ರವಣ ಸಂಘವು ತನ್ನ ಪ್ರಮಾಣಪತ್ರಕ್ಕೆ ೪೦೦ ಗಂಟೆಗಳ ಅಭ್ಯಾಸವನ್ನು ವಿಧಿಸಿದೆ. ಇದರಲ್ಲಿ ೨೫ ಗಂಟೆ ನೋಡಿ ಕಲಿಯುವದಕ್ಕೆ, ೩೭೫ ಗಂಟೆ ರೋಗಿಗಳೊಡನೆ ಕೆಲಸ ಮಾಡುವದಕ್ಕೆ. ಪದವಿಯಾದ ಮೇಲೆ ಪ್ರಾಕ್ಸಿಸ್ ಎಂಬ ಪರೀಕ್ಷೆಯೂ, ಕಡಿಮೆಪಕ್ಷ ೩೬ ವಾರಗಳ ಮೇಲ್ವಿಚಾರಣೆಯ ಉದ್ಯೋಗವೂ ಇರುವವು. ಬೇರೆ ವಿಷಯದಲ್ಲಿ ಪದವಿ ಪಡೆದವರೂ ಅಲ್ಲಿ ಜೀವಶಾಸ್ತ್ರ, ಸಂಖ್ಯಾಶಾಸ್ತ್ರ ಮೊದಲಾದ ಪೂರ್ವಪಾಠಗಳನ್ನು ಮುಗಿಸಿ ಅರ್ಜಿ ಹಾಕಬಹುದು. ಇಂಗ್ಲೆಂಡಿನಲ್ಲಿ ಈ ಕೆಲಸ ಮಾಡಲು ಸರಕಾರ ನೇಮಿಸಿದ ಮಂಡಳಿಯ ಪಟ್ಟಿಗೆ ಸೇರಬೇಕು. ಇಂಗ್ಲಿಷ್ ಮನೆಮಾತಲ್ಲದೆ ಹೊರದೇಶದಲ್ಲಿ ಕಲಿತು ಬಂದವರಿಂದ ಆ ಮಂಡಳಿಯು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ೮ರ ಅಂಕವನ್ನು ಕೇಳುವದು. ಮಾತೇ ಉಪಕರಣವಾದ ವೃತ್ತಿಗೆ ಇದು ಹೆಚ್ಚಲ್ಲ. ಆದರೆ ಒಂದು ದೇಶದ ಪದವಿ ಇನ್ನೊಂದು ದೇಶದಲ್ಲಿ ತಾನಾಗಿ ನಡೆಯುವದಿಲ್ಲ. ಹೋಗುವ ಮೊದಲು, ಮರಳಿ ಬಂದರೆ ಇಲ್ಲಿ ದಾಖಲೆ ಹೇಗೆಂಬದನ್ನೂ ಕೇಳಿ ತಿಳಿಯತಕ್ಕದ್ದು.

ನಮ್ಮ ಊರಿನ ಹುಡುಗಿಯರಿಗೆ ಈ ವಿದ್ಯೆಯಲ್ಲಿ ಒಂದು ವಿಶೇಷ ಅನುಕೂಲವಿದೆ. ಕನ್ನಡದ ಅಕ್ಷರಮಾಲೆಯಲ್ಲಿ ಕ ವರ್ಗ ಗಂಟಲಿನ ಕಡೆಯಿಂದ ಹೊರಟು, ಪ ವರ್ಗ ತುಟಿಯಲ್ಲಿ ಮುಗಿಯುವದನ್ನು ಒಂದನೇ ತರಗತಿಯಲ್ಲಿಯೇ ಬಾಯಿಪಾಠ ಮಾಡಿದ್ದೇವೆ. ಧ್ವನಿಶಾಸ್ತ್ರದ ಮೊದಲ ಪಾಠವೇ ಅದು. ಅದಲ್ಲದೆ ಉಡುಪಿಯ ಮಗು ಮನೆಯಲ್ಲಿ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆಯುವದು. ತುಳು ಮನೆಯ ಮಗು ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ನುಡಿದರೆ ಅದು ರೋಗವಲ್ಲ, ಮನೆಮಾತಿನ ರೀತಿ. ದೂರದ ಊರಿನ ಪರೀಕ್ಷಕನಿಗೆ ಈ ಭೇದ ಕೂಡಲೇ ಹೊಳೆಯದು, ಇಲ್ಲಿಯವಳಿಗೆ ಹೊಳೆಯುವದು. ಮಾತು ತಡವಾದ ಮಗುವಿನ ತಾಯಿಗೆ “ಮನೆಮಾತನ್ನು ಬಿಡಿ, ಒಂದೇ ಭಾಷೆ ಆಡಿ” ಎಂದು ಬುದ್ಧಿ ಹೇಳುವವರು ಈಗಲೂ ಉಂಟು. ಎರಡು ಭಾಷೆಗಳನ್ನು ಕೇಳುವದರಿಂದ ಭಾಷಾದೋಷ ಹುಟ್ಟುವದಿಲ್ಲವೆಂದು ಸಂಶೋಧನೆ ತಿಳಿಸಿದೆ. ಆ ತಾಯಿಗೆ ಅವಳ ಮಾತಿನಲ್ಲಿಯೇ ಇದನ್ನು ವಿವರಿಸಿ, ಅಜ್ಜಿಯ ಕೂಡ ಮಗುವಿನ ಮಾತು ನಿಲ್ಲದಂತೆ ನೋಡಿಕೊಳ್ಳುವವರು ಬೇಕು. ಕನ್ನಡದಲ್ಲಿ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆ ೧೯೭೦ರ ದಶಕದಿಂದಲೂ ಉಂಟು. ತುಳು, ಬ್ಯಾರಿ ಮುಂತಾದ ಮಾತುಗಳಲ್ಲಿ ಆಗಬೇಕಾದ ಕೆಲಸ ಬಹಳವಿದೆ. ಎಮ್.ಎಸ್‌ಸಿ. ಸಂಶೋಧನೆಗೆ ವಿಷಯ ಹುಡುಕುವವಳು ದೂರ ಹೋಗಬೇಕಾಗಿಲ್ಲ.

ಮಗಳು ಇಷ್ಟು ವರುಷ ಓದಿದರೆ ಮದುವೆ ತಡವಾಗದೇ ಎಂದು ಕೇಳುವವರಿಗೆ ಒಂದು ಮಾತು. ೪ ವರುಷದ ಪದವಿಯಿಂದಲೇ ದಾಖಲೆ ಪಡೆದು ಆಸ್ಪತ್ರೆಯಲ್ಲಿ, ವಿಶೇಷ ಶಾಲೆಯಲ್ಲಿ ಅಥವಾ ಸ್ವಂತ ಚಿಕಿತ್ಸಾಲಯದಲ್ಲಿ ದುಡಿಯಬಹುದು; ಉನ್ನತ ವ್ಯಾಸಂಗವನ್ನು ಕೆಲವು ವರುಷ ಕೆಲಸ ಮಾಡಿದ ಮೇಲೆಯೂ ಮುಂದುವರಿಸಬಹುದು. ಗಂಡನ ಊರು ಬದಲಾದರೂ ವಿದ್ಯೆ ಅವಳ ಕೂಡ ಬರುವದು. ಆದರೆ ಎಲ್ಲರಿಗೂ ಇದು ತಕ್ಕದ್ದೆಂದು ನಾವು ಹೇಳುವದಿಲ್ಲ. ಹಲವು ರೋಗಿಗಳು ಪೂರ್ತಿ ಗುಣವಾಗುವದಿಲ್ಲ; ಶ್ರಮದ ಫಲ ಬೇಗ ಕಾಣದು. ಆದುದರಿಂದ ಅರ್ಜಿಯ ಮೊದಲು ಅಪ್ಪಣೆ ಪಡೆದು ಒಂದು ವಾಕ್ ಶ್ರವಣ ವಿಭಾಗದಲ್ಲಿ ಕೆಲವು ದಿನ ಕೂತು ನೋಡಿ ಬರಲಿ. ಅದಾದ ಮೇಲೂ ಮನಸ್ಸು ನಿಂತರೆ ಧೈರ್ಯದಿಂದ ಅರ್ಜಿ ಹಾಕಲಿ.

೨೦೧೬ರ ವಿಕಲಚೇತನರ ಹಕ್ಕುಗಳ ಕಾನೂನು ೨೧ ಬಗೆಯ ನ್ಯೂನತೆಗಳಲ್ಲಿ ವಾಕ್ ಮತ್ತು ಭಾಷೆಯ ನ್ಯೂನತೆಯನ್ನೂ ಎಣಿಸಿದೆ. ಹಕ್ಕು ಕಾಗದದಲ್ಲಿ ಬಂದಿದೆ; ಅದನ್ನು ಮಗುವಿನ ಬಾಯಿಗೆ ಮುಟ್ಟಿಸತಕ್ಕವರು ಬೇಕಾಗಿದ್ದಾರೆ. ಅವರಲ್ಲಿ ನಮ್ಮ ಹುಡುಗಿಯರು ಕೆಲವರಾದರೂ ಇರಲೆಂದು ಹಾರೈಸುತ್ತೇವೆ.