ನಿಮಗಿದು ಗೊತ್ತೇ? ಹಾಡಿನ ಹಿಂದೆ ಒಂದು ಚುರುಕು ಕಿವಿ!

ಸಿನಿಮಾ ನಿರ್ಮಾಪಕರಿಗೆ ದುಡ್ಡೇ ಬಂಡವಾಳ. ಆದರೆ ಆಲ್ಬಂ ಮಾಡುವ ಮ್ಯೂಸಿಕ್ ಪ್ರೊಡ್ಯೂಸರ್‌ಗೆ? ಕಿವಿಯೇ ಬಂಡವಾಳ! ಯಾವ ಹಾಡು ಬೇಕು, ಯಾರು ಹಾಡಬೇಕು, ಕೊಳಲು ಎಲ್ಲಿ ಬರಬೇಕು, ತಬಲಾ ಎಲ್ಲಿ ನಿಲ್ಲಬೇಕು ಎಂದು ತೂಗಿ ನೋಡುವವರು ಇವರೇ. ಇಡೀ ಆಲ್ಬಂನಲ್ಲಿ ಇವರ ದನಿ ಒಂದು ಸಲವೂ ಕೇಳಿಸದೇ ಇರಬಹುದು!

ಗಾಯಕರನ್ನು ಮೈಕ್ ಮುಂದೆ ನಿಲ್ಲಿಸುವ ಮೊದಲೇ ಒಂದು ದೊಡ್ಡ ತೀರ್ಮಾನ ಆಗಬೇಕು. ಅದೇ ಶ್ರುತಿ! ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು ಏರಿದರೆ ಗಂಟಲು ಕಷ್ಟಪಡುತ್ತದೆ. ಅರ್ಧ ಮನೆ ಇಳಿದರೆ ಹಾಡೇ ಮಂಕಾಗಬಹುದು. ಅಷ್ಟು ಸೂಕ್ಷ್ಮ!

ಶ್ರುತಿ ಎಂದ ಮೇಲೆ ನಮ್ಮ ಹಾಸನ ಜಿಲ್ಲೆಯ ಬೆರಗನ್ನೂ ಕೇಳಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದ ಮಂದಿರವೇ ಇದೆ! ಕಟ್ಟಿಸಿದವರು ವಿದ್ವಾನ್ ಆರ್.ಕೆ. ಪದ್ಮನಾಭ. ಪದ್ಮಭೂಷಣ ಪಡೆದ ಗಾಯಕ ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದೂ ಕಾವೇರಿ ದಂಡೆಯ ಇದೇ ಊರಿನಲ್ಲಿ!

ಈಗ ರೆಕಾರ್ಡಿಂಗಿಗೆ ಮರಳೋಣ. ನೀವು ನಮ್ಮ ಜಿಲ್ಲೆಯ ಹಳೇಕೋಟೆಯಲ್ಲಿ ಕೂತು ಮೊಬೈಲ್‌ನಲ್ಲಿ ಒಂದು ಹಾಡು ಕೇಳುತ್ತಿದ್ದೀರಿ ಅನ್ನಿ. ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ್ದಾರೆ ಅನ್ನಿಸುತ್ತದೆ, ಅಲ್ಲವೇ? ಆದರೆ ಕೊಳಲನ್ನು ಒಂದು ಊರಿನಲ್ಲಿ, ವಯೊಲಿನ್ನನ್ನು ಇನ್ನೊಂದು ಊರಿನಲ್ಲಿ, ಬೇರೆ ಬೇರೆ ದಿನ ರೆಕಾರ್ಡ್ ಮಾಡಿರಬಹುದು. ನುಡಿಸಿದವರು ಒಬ್ಬರ ಮುಖ ಒಬ್ಬರು ನೋಡಿರಲಿಕ್ಕೂ ಇಲ್ಲ!

ಹಾಗಾದರೆ ಲಯ ತಪ್ಪುವುದಿಲ್ಲವೇ? ಇಲ್ಲ! ಎಲ್ಲರ ಹೆಡ್‌ಫೋನ್‌ನಲ್ಲೂ ಒಂದೇ ವೇಗದ ಟಿಕ್ ಟಿಕ್ ಸದ್ದು ಓಡುತ್ತಿರುತ್ತದೆ. ಅದಕ್ಕೆ ಹೊಂದಿಕೊಂಡೇ ಎಲ್ಲರೂ ನುಡಿಸುತ್ತಾರೆ. ಕೇಳುಗರಿಗೆ ಮಾತ್ರ ಆ ಟಿಕ್ ಟಿಕ್ ತಲುಪುವುದೇ ಇಲ್ಲ!

ಒಂದೇ ಉಸಿರಿಗೆ ಹಾಡಿದಂತೆ ಕೇಳುವ ಪಲ್ಲವಿಯೂ ತುಂಡು ತುಂಡು ಇರಬಹುದು! ಗಾಯಕರು ಹಲವು ಸಲ ಹಾಡುತ್ತಾರೆ. ಮೊದಲ ಸಾಲು ಎರಡನೇ ಸಲದ್ದು, ಮುಂದಿನ ಸಾಲು ಐದನೇ ಸಲದ್ದು. ಚೆನ್ನಾಗಿ ಬಂದದ್ದನ್ನೆಲ್ಲ ಆರಿಸಿ, ಬೆಸುಗೆ ಕಾಣದಂತೆ ಜೋಡಿಸುತ್ತಾರೆ.

ಇದರ ಪರಮಾವಧಿ ಬೇಕೇ? ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಕೇಳಿ. ಎರಡು ರೆಕಾರ್ಡಿಂಗ್ ಇದ್ದವು. ಶ್ರುತಿ ಬೇರೆ, ವೇಗವೂ ಬೇರೆ! ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಮತ್ತು ಅವರ ಎಂಜಿನಿಯರ್ ಟೇಪಿನ ವೇಗವನ್ನೇ ಹೆಚ್ಚು ಕಮ್ಮಿ ಮಾಡಿ ಎರಡನ್ನೂ ಒಂದೇ ಹಾಡಾಗಿ ಅಂಟಿಸಿಬಿಟ್ಟರು!

ಅದೇ ತಂಡದ ಮೊದಲ ಆಲ್ಬಂನಲ್ಲಿ 14 ಹಾಡು. ಅದರಲ್ಲಿ 10 ಹಾಡು ರೆಕಾರ್ಡ್ ಆದದ್ದು ಎಷ್ಟು ದಿನದಲ್ಲಿ? ಒಂದೇ ದಿನದಲ್ಲಿ! ತಾರೀಕು 11 ಫೆಬ್ರವರಿ 1963.

ಇನ್ನೂ ಹಿಂದಕ್ಕೆ ಹೋಗೋಣ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಹಾಡನ್ನು ಗ್ರಾಮಫೋನಿಗಿಳಿಸಿದರು. ಮೈಕ್ ಇಲ್ಲ, ದೊಡ್ಡ ಕೊಳವೆಯೊಳಗೆ ಜೋರಾಗಿ ಹಾಡಬೇಕು. ಸಮಯ ಬರೀ ಮೂರು ನಿಮಿಷದ ಆಸುಪಾಸು! ಕೊನೆಯಲ್ಲಿ ಗೌಹರ್ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಆ ಮಹಾಗಾಯಕಿ 1930ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ!

ಆಲ್ಬಂಗೆ ಹಣ ಹಾಕಿದ ಮಹಾರಾಜರ ಕಥೆ ಗೊತ್ತೇ? ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದರು. 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳನ್ನು ಎಚ್‌ಎಂವಿ ಆಲ್ಬಂಗಳಾಗಿ ಹೊರತರಲು ಖರ್ಚು ಕೊಟ್ಟವರು ಜಯಚಾಮರಾಜ ಒಡೆಯರ್! ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್‌ಚೆರ್ಟೊವನ್ನು ಮೈಸೂರಿನ ದೊರೆಗೇ ಅರ್ಪಿಸಿದರು!

ಆಲ್ಬಂನಲ್ಲಿ ಹಾಡುಗಳ ಸರದಿಯೂ ಪ್ರೊಡ್ಯೂಸರ್ ಲೆಕ್ಕವೇ! ಎಲ್‌ಪಿ ತಟ್ಟೆಯಲ್ಲಿ ಮುಳ್ಳು ನಡುವಿನತ್ತ ಸರಿದಂತೆ ಸದ್ದಿನ ಸ್ಪಷ್ಟತೆ ಕಡಿಮೆಯಾಗುತ್ತದೆ. ಅದಕ್ಕೇ ಅಬ್ಬರದ ಹಾಡು ಮೊದಲು, ಮೆಲುದನಿಯ ಹಾಡು ಕೊನೆಗೆ ಇಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ಟಿಗೆ ಇನ್ನೊಂದು ತಲೆನೋವು. ಎರಡೂ ಬದಿಗೆ ಅರ್ಧರ್ಧ ಗಂಟೆ ಹಂಚಬೇಕು!

ಕ್ಯಾಸೆಟ್ ಅಂದರೆ ‘ನಿತ್ಯೋತ್ಸವ’ ನೆನಪಾಗದೇ ಇರುತ್ತದೆಯೇ? ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದೇ ಹೆಸರಾದದ್ದು, 1978ರದ್ದು. ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ರಾಗ. ಪುಸ್ತಕದಲ್ಲಿದ್ದ ಕವಿತೆ ಮನೆಮನೆಯ ಟೇಪ್ ರೆಕಾರ್ಡರ್ ಏರಿತು!

ಕೊನೆಯದಾಗಿ, ಬೆಂಗಳೂರಿನ ಸಂಗೀತಗಾರ ರಿಕಿ ಕೇಜ್. 2015, 2022, 2023ರಲ್ಲಿ ಮೂರು ಗ್ರ್ಯಾಮಿ ಪ್ರಶಸ್ತಿ! ‘ಡಿವೈನ್ ಟೈಡ್ಸ್’ ಒಂದೇ ಆಲ್ಬಂಗೆ ಎರಡು. ಅದರಲ್ಲಿ 2023ರದ್ದು ಬಂದದ್ದು, ಸದ್ದು ನಮ್ಮ ಸುತ್ತಲಿಂದಲೂ ಕೇಳುವಂತೆ ಹೆಣೆದ ಪ್ರೊಡ್ಯೂಸರ್ ಕೆಲಸಕ್ಕೇ!