ಕಲ್ಲಿನ ಮೇಲೆ ಮೂರು ವರ್ಷ, ಡ್ಯಾಮಿಗೆ ತೊಂಬತ್ಮೂರು

‘ಇಶಿ ನೊ ಉಎ ನಿ ಮೊ ಸನ್‌ನೆನ್.’ ಇದು ಜಪಾನಿನ ಗಾದೆ. ತಣ್ಣನೆಯ ಕಲ್ಲೂ ಅದರ ಮೇಲೆ ಮೂರು ವರ್ಷ ಕೂತರೆ ಬೆಚ್ಚಗಾಗುತ್ತದಂತೆ. ಕೆಲಸಕ್ಕೆ ಸೇರಿ ನಾಲ್ಕು ದಿನಕ್ಕೇ ‘ಬಿಡ್ತೀನಿ’ ಅನ್ನುವ ಹುಡುಗರಿಗೆ ಅಲ್ಲಿನ ಹಿರಿಯರು ಇದನ್ನೇ ಹೇಳುತ್ತಾರೆ. ನಮ್ಮಲ್ಲಿ ‘ತಾಳಿದವನು ಬಾಳಿಯಾನು’ ಅನ್ನುವ ಹಾಗೆ.

ಹೊಸಪೇಟೆಯವರಿಗೆ ಮೂರು ವರ್ಷ ಯಾವ ಲೆಕ್ಕ!

ಅವರ ಊರಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಯೋಚನೆಯನ್ನು ಸರ್ ಆರ್ಥರ್ ಕಾಟನ್ ಮುಂದಿಟ್ಟದ್ದು 1860ರಲ್ಲಿ. ನಡುವೆ 1876ರ ಭೀಕರ ಬರ ಬಳ್ಳಾರಿ ಸೀಮೆಯನ್ನು ಹಿಂಡಿ ಹಾಕಿತು. ಆದರೂ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ನೀರು ಹಂಚಿಕೊಳ್ಳಲು ಒಪ್ಪಿದ್ದು 1944ರಲ್ಲಿ. ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು. ಸುರ್ಕಿ ಗಾರೆ ಹಾಕಿ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಡ್ಯಾಮಿನಲ್ಲಿ ನೀರು ನಿಂತದ್ದು 1953ರಲ್ಲಿ. ಕೂಲಿಕಾರರದ್ದು ತಾಳ್ಮೆ, ನಿಜ. ಅಡಿಗಲ್ಲಿಗೂ ಮುಂಚಿನ ಎಂಬತ್ತೈದು ವರ್ಷ? ಅದು ಬರೀ ವಿಳಂಬ.

ಡ್ಯಾಮಿನ ನೀರು ನಂಬಿದ ಕಂಪ್ಲಿಯ ಭತ್ತದ ಗದ್ದೆಗಳಿಗೆ ತಾಳ್ಮೆಗೂ ವಿಳಂಬಕ್ಕೂ ಇರುವ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಚೈನು ತುಂಡಾಗಿ ಕೊಚ್ಚಿ ಹೋಯಿತು. ನೀರೆಲ್ಲ ನದಿಪಾಲಾಗುತ್ತಿತ್ತು. ಆಗ ಯಾರೂ ಗಾದೆ ಹೇಳುತ್ತಾ ಕೂರಲಿಲ್ಲ. ಡ್ಯಾಮ್ ಗೇಟ್ ತಜ್ಞ ಕನ್ನಯ್ಯ ನಾಯ್ಡು ಮುಂದಾಳತ್ವದ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ, ಒಂದೇ ವಾರದಲ್ಲಿ ಹರಿವು ನಿಲ್ಲಿಸಿತು.